ಕೇದಾರದಿಂದ ಇಳಿಯದ ರಾಯರು

ದೀಪಾವಳಿ ಕಳೆದು ಯಮದ್ವಿತೀಯ ಬಂದರೆ ಕೇದಾರನಾಥದ ಗುಡಿಗೆ ಬಾಗಿಲು ಹಾಕುತ್ತಾರೆ. ಉತ್ಸವಮೂರ್ತಿ ಪಲ್ಲಕ್ಕಿ ಏರಿ ಊಖೀಮಠಕ್ಕೆ ಇಳಿಯುತ್ತದೆ. ಮುಂದಿನ ಆರು ತಿಂಗಳು ಪೂಜೆ ಅಲ್ಲೇ. ಹಿಮ ಸುರಿಯುವ ಕಾಲಕ್ಕೆ ಸಾಕ್ಷಾತ್ ಪರಶಿವನೇ ಬೆಟ್ಟ ಇಳಿದು ಬರುತ್ತಾನೆ. ಹೋದ ವರ್ಷ ಮೇ ತಿಂಗಳಲ್ಲಿ ಹತ್ತಿದ ನಮ್ಮ ಬೀದಿಯ ರಾಯರು ಮಾತ್ರ ಇನ್ನೂ ಇಳಿದಿಲ್ಲ. ದೇಹವೇನೋ ಮೈಸೂರಿನಲ್ಲಿದೆ, ಹೊತ್ತುಹೊತ್ತಿಗೆ ಕಾಫಿ ಕುಡಿಯುತ್ತದೆ, ತಿಂಗಳ ಮೊದಲ ವಾರ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡು ಬರುತ್ತದೆ. ಮಾತು ಮಾತ್ರ 3,583 ಮೀಟರ್ ಎತ್ತರದಲ್ಲೇ ನಿಂತುಬಿಟ್ಟಿದೆ.

ಇಂಥವರೊಬ್ಬರು ನಿಮ್ಮ ಬಡಾವಣೆಯಲ್ಲೂ ಇರುತ್ತಾರೆ. ಕೇದಾರ ಅಲ್ಲದಿದ್ದರೆ ಅಮರನಾಥ. ಕೈಯಲ್ಲಿ ಇನ್ನಷ್ಟು ದುಡ್ಡು ಓಡಾಡುತ್ತಿದ್ದರೆ ಕೈಲಾಸ ಮಾನಸ ಸರೋವರ. ಗುರುತು ಹಿಡಿಯುವುದು ಕಷ್ಟವಲ್ಲ. ಅವರ ಮಾತು ‘ಅಲ್ಲಿ’ ಎಂದು ಶುರುವಾಗಿ ‘ಅದೇ ರೀ ಜೀವನ’ ಎಂದು ಮುಗಿಯುತ್ತದೆ. ನಡುವೆ ನೀವು ಏನು ಹೇಳಹೊರಟಿದ್ದಿರೋ ಅದು ನಿಮಗೇ ಮರೆತುಹೋಗಿರುತ್ತದೆ.

ದಸರಾ ಗದ್ದಲದಲ್ಲಿ ಸಯ್ಯಾಜಿರಾವ್ ರಸ್ತೆಯಲ್ಲಿ ಆಟೋ ನಿಂತಿತೆನ್ನಿ. “ಇದೂ ಒಂದು ಜಾಮಾ? ಅಲ್ಲಿ ಸೋನ್‌ಪ್ರಯಾಗದಲ್ಲಿ ಗೌರೀಕುಂಡದ ಜೀಪಿಗೆ ಕ್ಯೂ ನಿಂತು ನೋಡಬೇಕು ನೀವು. ಐದು ಕಿಲೋಮೀಟರ್ ದಾರಿಗೆ ಅರ್ಧ ದಿನ! ಕಾಯೋದು, ಅದೇ ರೀ ಜೀವನ.” ಎದುರುಮನೆ ಹುಡುಗನಿಗೆ ಸಿಇಟಿಯಲ್ಲಿ ಎಣಿಸಿದ ರ‍್ಯಾಂಕ್ ಬರಲಿಲ್ಲ. ಪಾಪ, ಗೇಟಿಗೆ ಒರಗಿ ಮುಖ ಇಳಿಬಿಟ್ಟುಕೊಂಡು ನಿಂತಿದ್ದ. ರಾಯರು ಹೆಗಲ ಮೇಲೆ ಕೈಹಾಕಿ, “ಶಿಖರ ಕಾಣಲಿಲ್ಲ ಅಂತ ಅಳ್ತಾರೇನೋ ಮರಿ? ಅಲ್ಲಿ ಎಷ್ಟೋ ಜನ ಅಷ್ಟು ದೂರ ಹೋಗಿರ್ತಾರೆ, ಮೋಡ ಮುಚ್ಚಿಕೊಂಡು ಏನೂ ಕಾಣೋದೇ ಇಲ್ಲ. ಆದರೂ ಶಿಖರ ಅಲ್ಲೇ ಇರುತ್ತೆ” ಎಂದರು. “ಇರುತ್ತೆ ಅಂಕಲ್, ಕಂಪ್ಯೂಟರ್ ಸೈನ್ಸ್ ಸೀಟು ಇರಲ್ಲ” ಎಂದು ಅವನು ಒಳಗೆ ಹೋದ.

ಸಾವಿನ ಮನೆಯನ್ನೂ ಅವರು ಬಿಡುವುದಿಲ್ಲ. ವೈಕುಂಠ ಸಮಾರಾಧನೆಯ ಪಂಕ್ತಿಯಲ್ಲಿ ಕೂತು, “ಮಂದಾಕಿನಿ ಕಣಿವೆ ಒಂದ್ಸಲ ಇಣುಕಿ ನೋಡಿದ ಮೇಲೆ ನನಗಂತೂ ಸಾವಿನ ಭಯ ಹೋಗೇಬಿಡ್ತು” ಎಂದವರು, ಮರುಕ್ಷಣವೇ ಬಡಿಸುವವನ ಕೈ ತಡೆದು, “ಈ ವಡೆ ಯಾವ ಎಣ್ಣೇಲಿ ಕರಿದದ್ದಪ್ಪ? ಕೊಲೆಸ್ಟರಾಲು ನೋಡು” ಎಂದು ವಿಚಾರಿಸಿದರು.

ಹಿಂದೆ ಕಾಶಿಗೆ ಹೋದವರು ಹೀಗಿರಲಿಲ್ಲ. ಅಲ್ಲಿ ಏನಾದರೊಂದನ್ನು ಬಿಟ್ಟು ಬರಬೇಕೆಂಬ ಪದ್ಧತಿಯಿತ್ತು. ಒಂದು ಹಣ್ಣು, ಒಂದು ತರಕಾರಿ. (ನಮ್ಮ ಕಡೆಯ ಗಂಡಸರು ಬಹುಪಾಲು ಬಿಟ್ಟದ್ದು ಹಾಗಲಕಾಯಿಯನ್ನು, ಅದು ಬೇರೆ ಮಾತು.) ಊರಿಗೆ ಬಂದ ಮೇಲೆ ಗಂಗಾಸಮಾರಾಧನೆ ಮಾಡಿ, ಬಂಧುಬಳಗಕ್ಕೆ ತೀರ್ಥ ಕೊಟ್ಟು, ಹೋಳಿಗೆ ಊಟ ಹಾಕಿಸುತ್ತಿದ್ದರು. ಯಾತ್ರೆಯ ಪುಣ್ಯ ನೆರೆಹೊರೆಯವರ ಹೊಟ್ಟೆಗೂ ಒಂದಿಷ್ಟು ತಲುಪುತ್ತಿತ್ತು. ಈಗಿನವರು ಅಲ್ಲಿ ಬಿಟ್ಟು ಬರುವುದು ಖಾಲಿ ನೀರಿನ ಬಾಟಲಿ. ಹೊತ್ತು ತರುವುದು ಪಾಠ. ಆ ಪಾಠವನ್ನೂ ಊಟವಿಲ್ಲದೆ ಬಡಿಸುತ್ತಾರೆ.

ರಾಯರ ಪಾಠಗಳಲ್ಲಿ ಮೊದಲನೆಯದೂ ಮುಖ್ಯವಾದದ್ದೂ ಒಂದಿದೆ. ಪಾರ್ಕಿನ ಹಿರಿಯ ನಾಗರಿಕರ ಕೂಟದಲ್ಲಿ ಅದನ್ನು ಅವರು ಮೊದಲ ಸಲ ಹೇಳಿದಾಗ ಕಲ್ಲುಬೆಂಚಿನ ಮೇಲಿದ್ದವರೆಲ್ಲ ಕ್ಷಣಕಾಲ ಸುಮ್ಮನಾದರು. “ಕೇದಾರದ ದಾರಿ ನನಗೆ ಕಲಿಸಿದ್ದು ಇಷ್ಟೇ. ಹತ್ತುವಾಗ ಮುಂದಕ್ಕೆ ಬಾಗು. ಇಳಿಯುವಾಗ ಹಿಂದಕ್ಕೆ ವಾಲು.” ಆಮೇಲೆ ಭಾಷ್ಯ. ಅಧಿಕಾರ, ಹಣ, ಹೆಸರು ಏರುತ್ತಿರುವಾಗ ಮನುಷ್ಯ ತಲೆ ತಗ್ಗಿಸಿ ಬಾಗಬೇಕು. ರಿಟೈರ್ ಆಗಿ ಇಳಿಯುವಾಗ ಮುನ್ನುಗ್ಗಬಾರದು, ಹಿಂದಕ್ಕೆ ಒರಗಿ ಬರುವುದನ್ನು ನೆಮ್ಮದಿಯಾಗಿ ನೋಡಬೇಕು. ನಿವೃತ್ತ ಹೆಡ್‌ಮಾಸ್ತರೊಬ್ಬರು ಜೇಬಿನಿಂದ ಡೈರಿ ತೆಗೆದು ಬರೆದುಕೊಂಡರು. ಮರುದಿನ ಪಾರ್ಕಿನ ಕರಿಹಲಗೆಯ ಮೇಲೆ ‘ದಿನಕ್ಕೊಂದು ನುಡಿ’ಯ ಜಾಗದಲ್ಲಿ ಅದೇ ಇತ್ತು. ಎರಡು ಮದುವೆ ಆರತಕ್ಷತೆ, ಒಂದು ಬೀಳ್ಕೊಡುಗೆ ಸಮಾರಂಭ, ಕನ್ನಡ ರಾಜ್ಯೋತ್ಸವದ ಒಂದು ವೇದಿಕೆ, ಎಲ್ಲ ಕಡೆಯೂ ಆ ಮಾತು ಚಪ್ಪಾಳೆ ಗಿಟ್ಟಿಸಿತು.

ಮಾತಿನ ಮೂಲ ಗೊತ್ತಾದದ್ದು ಅವರೆಕಾಯಿ ಕಾಲದಲ್ಲಿ. ರಾಯರ ಮನೆಯವರು ಜಗಲಿಯ ಮೇಲೆ ಮೊರ ಇಟ್ಟುಕೊಂಡು ಬೇಳೆ ಹಿದುಕುತ್ತಿದ್ದರು. ಒಳಗೆ ರಾಯರು ಫೋನಿನಲ್ಲಿ ಯಾರಿಗೋ ‘ಮುಂದಕ್ಕೆ ಬಾಗು’ ಬೋಧಿಸುತ್ತಿದ್ದದ್ದು ಕೇಳಿಸುತ್ತಿತ್ತು. ಆಕೆ ತಲೆ ಎತ್ತದೆ ಹೇಳಿದರು: “ಅದು ಆ ಕುದುರೆ ಹುಡುಗ ಹೇಳಿದ್ದು. ಗೌರೀಕುಂಡದಿಂದ ಜಂಗಲ್ ಚಟ್ಟಿವರೆಗೂ ‘ಬಾಬೂಜೀ ಆಗೇ ಝುಕೋ, ಆಗೇ ಝುಕೋ’ ಅಂತ ಕೂಗ್ತಾನೇ ಇದ್ದ. ಇವರು ಕೇಳಲಿಲ್ಲ. ನೆಟ್ಟಗೆ ಕೂತು ಫೋಟೋ ತೆಗೆಸಿಕೊಳ್ತಿದ್ರು. ತಡಿ ಜಾರಿ ಹಿಂದಕ್ಕೆ ಬಿದ್ದ ಮೇಲೆ ಬಾಗಿದ್ದು.”

ಹೇಸರಗತ್ತೆಯ ಮೇಲೆ ಕೂತವರಿಗೆ ಆ ದಾರಿಯಲ್ಲಿ ಎಲ್ಲರೂ ಹೇಳುವ ಮಾತದು. ಏರಿನಲ್ಲಿ ಸವಾರ ಮುಂದಕ್ಕೆ ಬಾಗದಿದ್ದರೆ ಭಾರವೆಲ್ಲ ಪ್ರಾಣಿಯ ಸೊಂಟಕ್ಕೆ ಬೀಳುತ್ತದೆ, ತಡಿ ಹಿಂದಕ್ಕೆ ಸರಿಯುತ್ತದೆ. ಇಳಿಜಾರಿನಲ್ಲಿ ಹಿಂದಕ್ಕೆ ವಾಲದಿದ್ದರೆ ಸವಾರ ನೇರ ಕತ್ತಿನ ಮೇಲಿಂದ ಮುಂದಕ್ಕೆ ಹೋಗುತ್ತಾನೆ. ದಿನವೂ ಸಾವಿರಾರು ಯಾತ್ರಿಕರ ಕಿವಿಗೆ ಬೀಳುವ ಈ ಸೂಚನೆ ಉಪನಿಷತ್ತಾಗಲು ಮೈಸೂರಿನವರೆಗೆ ಬರಬೇಕಾಯಿತು.

ಆಕೆ ನಡೆದೇ ಹೋಗಿದ್ದರು ಎಂಬುದೂ ಆವತ್ತೇ ತಿಳಿದದ್ದು. ಗೌರೀಕುಂಡ ಇರುವುದು 1,982 ಮೀಟರ್ ಎತ್ತರದಲ್ಲಿ. ಅಲ್ಲಿಂದ 16 ಕಿಲೋಮೀಟರ್ ದಾರಿಯಲ್ಲಿ 1,600 ಮೀಟರ್ ಏರಬೇಕು. “ಬೆನ್ನೆಲ್ಲ ಗಾಯ ಆಗಿತ್ತು ಆ ಪ್ರಾಣೀದು. ನೋಡಿ ಹತ್ತೋಕೆ ಮನಸ್ಸು ಬರಲಿಲ್ಲ. ನಿಧಾನ ಹೋದೆ. ನಾಲ್ಕು ಗಂಟೆಗೆ ಹೊರಟಿದ್ದು, ಸಂಜೆ ಮುಟ್ಟಿದೆ.” ಇಷ್ಟೇ ಆಕೆಯ ಯಾತ್ರಾ ಕಥನ. ಬೆನ್ನಿಗೆ ಚೀಲ, ಚೀಲದಲ್ಲಿ ಇಬ್ಬರ ಸ್ವೆಟರು, ಒಗ್ಗರಣೆ ಅವಲಕ್ಕಿ, ಚಟ್ನಿಪುಡಿ, ರಾಯರ ಬಿಪಿ ಮಾತ್ರೆ. ‘ಜೀವನದಲ್ಲಿ ಹೊರೆ ಕಡಿಮೆ ಇದ್ದಷ್ಟೂ ಹಗುರ’ ಎಂಬ ರಾಯರ ಎರಡನೇ ಪಾಠ ಹುಟ್ಟಿದ್ದು ಹೀಗೆ.

ರಾಯರು ಮಧ್ಯಾಹ್ನಕ್ಕೇ ಮೇಲೆ ತಲುಪಿದ್ದರು. ತಲುಪಿದವರು ಡೇರೆಯೊಳಗೆ ತಲೆ ಹಿಡಿದುಕೊಂಡು ಮಲಗಿದ್ದರು. ಅಷ್ಟೆತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡು ಪಾಲಿನಷ್ಟು ಮಾತ್ರ. ಮೆಲ್ಲಗೆ ಹತ್ತಿದವರ ಮೈ ದಾರಿಯಲ್ಲೇ ಒಂದಿಷ್ಟು ಒಗ್ಗಿಕೊಳ್ಳುತ್ತದೆ. ಸವಾರಿ ಮಾಡಿ, ಇಲ್ಲವೇ ಫಾಟಾದಿಂದ ಹೆಲಿಕಾಪ್ಟರಿನಲ್ಲಿ ಹತ್ತು ನಿಮಿಷದಲ್ಲಿ ಹಾರಿ ಇಳಿದವರಿಗೆ ಒಗ್ಗಲು ಸಮಯವೇ ಸಿಗುವುದಿಲ್ಲ. ಸಂಜೆ ಮನೆಯವರು ಬಂದು ಶುಂಠಿ ಕಷಾಯ ಮಾಡಿಸಿ ಕುಡಿಸಿ, ಎರಡು ರಜಾಯಿ ಹೊದಿಸಿದ ಮೇಲೆ ರಾಯರಿಗೆ ‘ಉಸಿರೇ ಬ್ರಹ್ಮ’ ಎಂಬುದು ಹೊಳೆಯಿತು. ಕಷಾಯದ ಪ್ರಸ್ತಾಪ ಭಾಷಣದಲ್ಲಿ ಬರುವುದಿಲ್ಲ.

‘ದೇವರ ಮುಂದೆ ಎಲ್ಲರೂ ಒಂದೇ’ ಎಂಬ ಪಾಠಕ್ಕೂ ಒಂದು ಹಿನ್ನೆಲೆ ಇದೆ. ಕೇದಾರದ ರಾವಲ್, ಎಂದರೆ ಗುಡಿಯ ಪ್ರಧಾನ ಗುರು, ಕರ್ನಾಟಕ ಮೂಲದ ವೀರಶೈವ ಪರಂಪರೆಯವರು. ಅವರ ಅಪ್ಪಣೆಯಂತೆ ಪೂಜೆ ನಡೆಸುವ ಅರ್ಚಕರೂ ಈ ಕಡೆಯಿಂದ ಹೋದವರೇ. ಹಿಮಾಲಯದ ಗರ್ಭಗುಡಿಯ ಬಾಗಿಲಲ್ಲಿ ಕನ್ನಡ ಕಿವಿಗೆ ಬಿದ್ದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ರಾಯರಿಗೂ ಎಂದಿತು. ಆದರೆ ಅವರು ಇದನ್ನು ಹೊರಡುವ ಮುಂಚೆಯೇ ಓದಿಕೊಂಡು, ಬೇರೊಂದು ಲೆಕ್ಕ ಹಾಕಿಟ್ಟಿದ್ದರು. ಬೆಳಗಿನ ಜಾವದ ಕೊರೆಯುವ ಚಳಿಯಲ್ಲಿ ಸಾಲು ಬಿಟ್ಟು ಮುಂದೆ ಹೋಗಿ, “ಸ್ವಾಮಿ, ನಾವೂ ಕನ್ನಡದವರೇ, ಮೈಸೂರು ಕಡೆಯೋರು” ಎಂದು ಕೈಮುಗಿದರು. “ಬಹಳ ಸಂತೋಷ ರೀ. ಆ ಸಾಲಿನ್ಯಾಗ ನಿಂತಾರಲ್ಲ, ಅವರಾಗೂ ಭಾಳ ಮಂದಿ ನಮ್ಮವರೇ ಅದಾರ” ಎಂಬ ಉತ್ತರ ಬಂತು. ರಾಯರು ವಾಪಸು ಬಾಲದ ತುದಿಗೆ ಹೋಗಿ ನಿಂತರು. ಸಮಾನತೆ ಅಲ್ಲಿ ಅರಿವಾಯಿತು.

ಒಳಗೆ ಹೋದ ಮೇಲೆ ಮಾತ್ರ, ಅವರೇ ಹೇಳುವಂತೆ, ಮಾತು ಬರಲಿಲ್ಲ. ಇಲ್ಲಿ ನಾನು ರಾಯರನ್ನು ನಂಬುತ್ತೇನೆ. ಗೂಳಿಯ ರೂಪ ತಾಳಿ ತಪ್ಪಿಸಿಕೊಳ್ಳುತ್ತಿದ್ದ ಶಿವನನ್ನು ಭೀಮ ಹಿಡಿದನೆಂದೂ, ನೆಲದ ಮೇಲೆ ಉಳಿದ ಡುಬ್ಬವೇ ಕೇದಾರಲಿಂಗವೆಂದೂ ಕಥೆ. ಕಡೆದು ನಯ ಮಾಡಿದ ಲಿಂಗವಲ್ಲ, ತ್ರಿಕೋನದ ಒರಟು ಬಂಡೆ. ಅದಕ್ಕೆ ಕೈಯಾರೆ ತುಪ್ಪ ಸವರಿ ಹಣೆ ಮುಟ್ಟಿಸುವ ಭಾಗ್ಯ ಸಿಕ್ಕವರು ಹೊರಗೆ ಬರುವಾಗ ಸ್ವಲ್ಪ ಹೊತ್ತು ಯಾರ ಹತ್ತಿರವೂ ಮಾತಾಡುವುದಿಲ್ಲ.

ಆ ಮೌನ ಗುಡಿಯ ಹಿಂಭಾಗದವರೆಗೆ ಬಾಳಿತು. ಅಲ್ಲಿ ಆದಿ ಶಂಕರರ 12 ಅಡಿ ಎತ್ತರದ ಕಲ್ಲಿನ ಪ್ರತಿಮೆ ಇದೆ. 2021ರ ನವೆಂಬರಿನಲ್ಲಿ ಅನಾವರಣವಾದದ್ದು, ಕೆತ್ತಿದವರು ಮೈಸೂರಿನ ಅರುಣ್ ಯೋಗಿರಾಜ್. ರಾಯರು ಪಕ್ಕದಲ್ಲಿದ್ದ ಗುಜರಾತಿ ಕುಟುಂಬಕ್ಕೆ ತಮ್ಮ ಹಿಂದಿಯಲ್ಲಿ ವಿವರಿಸಿದರು: “ಏ ಮೂರ್ತಿ ಹಮಾರಾ. ಹಮಾರಾ ಮೈಸೂರು. ಹಮ್ ಬನಾಯಾ.” ಅವರು ಭಕ್ತಿಯಿಂದ ರಾಯರ ಕಾಲು ಮುಟ್ಟಿ ನಮಸ್ಕರಿಸಿ, ಪಕ್ಕ ನಿಲ್ಲಿಸಿಕೊಂಡು ಸೆಲ್ಫಿ ತೆಗೆದುಕೊಂಡರು. ಸೂರತ್ತಿನ ಯಾವುದೋ ಮನೆಯ ಗೋಡೆಯ ಮೇಲೆ ಈಗ ನಮ್ಮ ರಾಯರು ಶಿಲ್ಪಿಯಾಗಿ ನೇತಾಡುತ್ತಿರಬಹುದು. ಅವರು ತಿದ್ದಲಿಲ್ಲವೇ ಎಂದರೆ, “ಅಷ್ಟು ಹಿಂದಿ ಬರಲಿಲ್ಲ” ಎನ್ನುತ್ತಾರೆ.

ಒಂದು ಜಾಗದ ಬಗ್ಗೆ ಮಾತ್ರ ಅವರು ಏನನ್ನೂ ಹೇಳುವುದಿಲ್ಲ. ಭೀಮ್‌ಬಲಿ ದಾಟಿದ ಮೇಲೆ ಸೇತುವೆಯೊಂದು ಬರುತ್ತದೆ, ದಾರಿ ಮಂದಾಕಿನಿಯ ಆಚೆ ದಡಕ್ಕೆ ಹೋಗುತ್ತದೆ. ಹಳೆಯ ದಾರಿ ರಾಂಬಾಡಾ ಎಂಬ ತಂಗುದಾಣದ ಮೂಲಕ ಹೋಗುತ್ತಿತ್ತು. 2013ರ ಜೂನ್ 16 ಮತ್ತು 17ರಂದು ಮಳೆ ಹುಚ್ಚೆದ್ದು ಸುರಿದು, ಮೇಲಿನ ಚೋರಾಬಾರಿ ಕೆರೆ ಒಡೆದು, ರಾಂಬಾಡಾ ಅಂಗಡಿಮುಂಗಟ್ಟು ಮನುಷ್ಯರ ಸಮೇತ ಅಳಿಸಿಹೋಯಿತು. ಕಣಿವೆಯಲ್ಲಿ ಸತ್ತವರು ಸಾವಿರಾರು. ಗುಡಿ ಉಳಿಯಿತು, ಅದರ ಬೆನ್ನಿಗೆ ಉರುಳಿ ಬಂದು ನಿಂತು ನೀರನ್ನು ಇಬ್ಭಾಗಿಸಿದ ಬಂಡೆಗೆ ಭೀಮಶಿಲೆ ಎಂದು ಈಗ ಪೂಜೆ. ರಾಂಬಾಡಾ ಇದ್ದ ಜಾಗ ಕಂಡಾಗ ಕುದುರೆ ಹುಡುಗ ಆಚೆ ದಡಕ್ಕೆ ಬೆರಳು ತೋರಿಸಿ ಏನೋ ಹೇಳಿದನಂತೆ. ಏನೆಂದು ಕೇಳಿದರೆ ರಾಯರು ಕನ್ನಡಕ ಒರೆಸಿಕೊಳ್ಳುತ್ತಾರೆ, ವಿಷಯ ಬದಲಿಸುತ್ತಾರೆ. ಅಷ್ಟರಮಟ್ಟಿಗೆ ಬೆಟ್ಟ ನಿಜವಾಗಿ ಏನನ್ನೋ ಮುಟ್ಟಿಸಿರಬೇಕು.

ಊರಿಗೆ ಬಂದ ಮೇಲೆ ಚಾರ್‌ಧಾಮ್ ಯಾತ್ರಿಕರಿಗೆ ಸರ್ಕಾರದ ಸಹಾಯಧನ ಸಿಗುತ್ತದೆಂದು ಯಾರೋ ಹೇಳಿದರು. ರಾಯರು ಟಿಕೆಟು, ರಸೀದಿ, ಫೋಟೋ ಎಲ್ಲವನ್ನೂ ಜೋಡಿಸಿ ಫೈಲು ಮಾಡಿದರು. ಆಮೇಲೆ ಪಕ್ಕದ ಮನೆಯವರು ನೆನಪಿಸಿದರು: ಚಾರ್ ಎಂದರೆ ನಾಲ್ಕು, ಯಮುನೋತ್ರಿ, ಗಂಗೋತ್ರಿಯೂ ಸೇರಬೇಕು. ರಾಯರದ್ದು ಕೇದಾರ, ಬದರಿ ಮಾತ್ರದ ‘ದೋ ಧಾಮ್’ ಪ್ಯಾಕೇಜು. ಅಂದು ಸಂಜೆ ಪಾರ್ಕಿನಲ್ಲಿ ವಿಷಯ ‘ನಿರಪೇಕ್ಷೆ’.

ಇಷ್ಟೆಲ್ಲ ಬೆಟ್ಟದ ಜ್ಞಾನವಿರುವ ರಾಯರು ಮನೆಯ ತಾರಸಿಯಿಂದ ದಿನವೂ ಕಾಣುವ ಚಾಮುಂಡಿ ಬೆಟ್ಟವನ್ನು ಬೆಟ್ಟವೆಂದೇ ಒಪ್ಪುವುದಿಲ್ಲ. “ಸಾವಿರ ಮೆಟ್ಟಿಲು! ಅದೊಂದು ದಿಬ್ಬ ಕಣ್ರೀ” ಎನ್ನುತ್ತಾರೆ. ದಿಬ್ಬ ಎಂದವರು ಹತ್ತುವರೇ? ಇಲ್ಲ. ಭಾನುವಾರ ಬೆಳಗ್ಗೆ ಟಿಕೆಟು ತೆಗೆದುಕೊಂಡು 201 ನಂಬರ್ ಬಸ್ಸಿನಲ್ಲಿ ಹೋಗುತ್ತಾರೆ. ಬಸ್ಸು ಹೆಂಗಸರಿಗೆ ಪುಕ್ಕಟೆ. ಆದರೂ ಅವರ ಮನೆಯವರು ಮೆಟ್ಟಿಲು ಹತ್ತಿ ಬರುತ್ತಾರೆ, ಮೆಟ್ಟಿಲು ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾ. ನಂದಿಯ ಹತ್ತಿರ ಎರಡು ನಿಮಿಷ ಕೂರುತ್ತಾರೆ, ಬಾಟಲಿಯಿಂದ ನೀರು ಕುಡಿಯುತ್ತಾರೆ, ಮತ್ತೆ ಏಳುತ್ತಾರೆ. ಮೇಲೆ ಗೋಪುರದ ಮುಂದೆ ಗೌರೀಕುಂಡದ ದೊಣ್ಣೆ ಊರಿಕೊಂಡು ನಿಂತ ರಾಯರು ಏದುಸಿರು ಬಿಡುತ್ತಿರುವ ಹುಡುಗರಿಗೆ ಉಸಿರಾಟದ ಬಗ್ಗೆ ಹೇಳುತ್ತಿರುತ್ತಾರೆ. ಆ ದೊಣ್ಣೆಗೆ ತುದಿಯಲ್ಲಿ ಕಬ್ಬಿಣದ ಮೊಳೆ ಇದೆ. ಸೀಬೆಕಾಯಿ ಕೀಳಲು ಬಹಳ ಅನುಕೂಲ.

ಮುಂದಿನ ಅಕ್ಷಯ ತೃತೀಯದ ಆಸುಪಾಸಿನಲ್ಲಿ ಕೇದಾರದ ಬಾಗಿಲು ತೆರೆದಾಗ ನೀವೂ ಹೊರಡುವವರಿರಬಹುದು. ಎಷ್ಟು ಹೊತ್ತಿಗೆ ನಡೆಯಲು ಶುರುಮಾಡಬೇಕು, ಮಧ್ಯಾಹ್ನದ ಮೇಲೆ ಮಳೆ ಹಿಡಿದರೆ ಎಲ್ಲಿ ನಿಲ್ಲಬೇಕು, ಮಂಡಿಗೆ ಯಾವ ಪಟ್ಟಿ ಕಟ್ಟಬೇಕು, ಅವಲಕ್ಕಿ ಎಷ್ಟು ದಿನ ಕೆಡದೆ ಇರುತ್ತದೆ, ಇದನ್ನೆಲ್ಲ ತಿಳಿದುಕೊಳ್ಳಬೇಕಿದ್ದರೆ ರಾಯರ ಮನೆಯವರನ್ನು ಕೇಳಿ. ಕೇಳಿದಷ್ಟಕ್ಕೆ ಉತ್ತರ ಹೇಳುತ್ತಾರೆ, ಕಾಫಿಯನ್ನೂ ಕೊಡುತ್ತಾರೆ. ರಾಯರು ಸಂಜೆ ಐದರಿಂದ ಏಳರವರೆಗೆ ಪಾರ್ಕಿನಲ್ಲಿರುತ್ತಾರೆ. ಆ ಹೊತ್ತಿಗೆ ಹೋಗಿ.