ಪ್ರತಿಜ್ಞೆಯ ಪದಕ

ದೇವನಹಳ್ಳಿ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಉದ್ಘಾಟನೆಯಾದದ್ದು 2022ರ ನವೆಂಬರಿನಲ್ಲಿ. ಪ್ರಯಾಣಿಕರು ಒಳಗೆ ಕಾಲಿಡುವ ಮುಂಚೆಯೇ ಅದಕ್ಕೆ ಹಸಿರು ಕಟ್ಟಡಗಳಿಗೆ ಕೊಡುವ ಲೀಡ್ ಪ್ಲಾಟಿನಂ ಪೂರ್ವ ಪ್ರಮಾಣಪತ್ರ ಬಂದಿತ್ತು. ಈ ಸುದ್ದಿ ಓದಿದ್ದೇ ತಡ, ನನ್ನ ನಿದ್ದೆ ಹಾರಿಹೋಯಿತು. ವ್ಯಾಪಾರಕ್ಕೆ ಮುಂಚೆ ಪದಕ! ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮಿನ ತುಂಡುಬಟ್ಟೆ ತಂದು ಕೈಚೀಲ ಹೊಲಿಸುವ ನಾನೇನು ಪರಿಸರಕ್ಕೆ ಕಡಿಮೆ ಸೇವೆ ಮಾಡುತ್ತಿದ್ದೇನೆಯೇ?

ಪ್ಲಾಟಿನಂ ನಮ್ಮ ಜೇಬಿಗೆ ಆಗಿಬರುವುದಲ್ಲ. ಸಣ್ಣ ಉದ್ದಿಮೆಗಳಿಗೆಂದೇ ಕೇಂದ್ರ ಸರ್ಕಾರದ ಜೆಡ್ ಪ್ರಮಾಣಪತ್ರ ಇದೆ: ಸರಕಿನಲ್ಲಿ ದೋಷ ಸೊನ್ನೆ, ಪರಿಸರಕ್ಕೆ ಹಾನಿ ಸೊನ್ನೆ. ಕಂಚು, ಬೆಳ್ಳಿ, ಚಿನ್ನ ಅಂತ ಮೂರು ಮೆಟ್ಟಿಲು. ಅದಕ್ಕೂ ಮೊದಲು ಆನ್‌ಲೈನಿನಲ್ಲಿ ಒಂದು ಪ್ರತಿಜ್ಞೆ. ನಮ್ಮ ಉದ್ಯಮ್ ನೋಂದಣಿ ಇರುವುದು ಹೆಂಡತಿ ಹೆಸರಿನಲ್ಲಿ. ಹಾಗಾಗಿ ಪ್ರತಿಜ್ಞೆ ಮಾಡಿದವಳು ಅವಳು, ಅವಳ ಮೊಬೈಲಿಗೆ ಬಂದ ಓಟಿಪಿ ಒತ್ತಿದವನು ನಾನು.

ಆ ಪ್ರತಿಜ್ಞೆಯ ಹಾಳೆಗೆ ಫ್ರೇಮ್ ಹಾಕಿಸಿ, ಹಾರ ತಂದೆ.

"ಮಾಡ್ತೀನಿ ಅಂದಿದ್ದಕ್ಕೆಲ್ಲ ಹಾರ ಹಾಕೋದಾದ್ರೆ, ಪ್ರತಿ ಜನವರಿ ಒಂದನೇ ತಾರೀಕು ನಿಮ್ಮ ವಾಕಿಂಗಿಗೂ ಒಂದು ತರ್ಬೇಕಿತ್ತಲ್ರೀ," ಅಂದಳು.

ಪ್ರಚಾರದ ಗುಟ್ಟು ಹೆಂಗಸರಿಗೆ ತಿಳಿಯುವುದಿಲ್ಲ ಎಂದು ಗೊಣಗಿಕೊಂಡು (ಮನಸ್ಸಿನಲ್ಲೇ, ಕೇಳಿಸುವಂತೆ ಗೊಣಗುವಷ್ಟು ಧೈರ್ಯಸ್ಥನಲ್ಲ ನಾನು) ಬ್ಯಾನರ್ ಬರೆಸಲು ಹೊರಟೆ. 'ಸರ್ಕಾರ ಮೆಚ್ಚಿದ ಶೇ 100 ಹಸಿರು ಚೀಲ'. ಅಕ್ಕನ ಮಗ ಅಡ್ಡ ಬಂದ. ಬುರುಡೆ ಹಸಿರು ಜಾಹೀರಾತುಗಳನ್ನು ತಡೆಯಲು 2024ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿದೆಯಂತೆ. 'ಹಸಿರು' ಅಂದರೆ ಪುರಾವೆ ಕೊಡಬೇಕಂತೆ.

"ಮಾವ, ಬಟ್ಟೆ ಹತ್ತಿದೋ ಪಾಲಿಯೆಸ್ಟರೋ?"

ತುಂಡುಬಟ್ಟೆಗೆ ಕಡ್ಡಿ ಗೀರಿ ನೋಡುವ ಅಭ್ಯಾಸ ನನಗಿರಲಿಲ್ಲ. ಅವನು ಗೀರಿದ. ಎಳೆ ಕರಗಿ ಮುದ್ದೆಯಾಯಿತು. ಅಲ್ಲಿಗೆ 'ಶೇ 100' ತೆಗೆಸಿದೆ. 'ಹಸಿರು' ಮಾತ್ರ ಬಿಡಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಎರಡಾಳೆತ್ತರದ ಬ್ಯಾನರ್ ಎದ್ದಿತು: 'ಪ್ಲಾಸ್ಟಿಕ್ ಬಿಡಿ, ನಮ್ಮ ಹಸಿರು ಚೀಲ ಹಿಡಿ'.

ಮಾರನೇ ದಿನವೇ ಆರೋಗ್ಯ ನಿರೀಕ್ಷಕರು ಅಂಗಡಿಗೆ ಬಂದರು. ಚೀಲ ನೋಡಲು ಬಂದಿದ್ದಾರೆಂದು ಕಾಫಿ ತರಿಸಿದೆ.

"ಬ್ಯಾನರ್ ನಿಮ್ದೇನಾ?"

"ನಮ್ದೇ ಸಾರ್. ಹೇಗಿದೆ?"

"ಫ್ಲೆಕ್ಸು."

ರಾಜ್ಯ ಸರ್ಕಾರದ 2016ರ ಪ್ಲಾಸ್ಟಿಕ್ ನಿಷೇಧದ ಆದೇಶದಲ್ಲಿ ಕ್ಯಾರಿಬ್ಯಾಗಿನ ಜೊತೆಗೆ ಫ್ಲೆಕ್ಸೂ ಇದೆ. ಪ್ಲಾಸ್ಟಿಕ್ ಬಿಡಿ ಎಂದು ನಾನು ಊರಿಗೆ ಸಾರಿದ್ದು ಪ್ಲಾಸ್ಟಿಕ್ಕಿನ ಮೇಲೆಯೇ. ದಂಡದ ರಸೀದಿ ಯಾರ ಹೆಸರಿಗೆ ಎಂದರು. ಗೋಡೆಯ ಮೇಲಿನ ಹಾರ ಹಾಕಿದ ಪ್ರತಿಜ್ಞೆ ನೋಡಿ ಅವರೇ ಹೆಂಡತಿಯ ಹೆಸರು ಬರೆದುಕೊಂಡರು.

ಹೊರಡುವಾಗ ಒಂದು ಚೀಲ ಎಳೆದು, ಹೊಲಿಗೆ ಜಗ್ಗಿ ನೋಡಿ, "ಸಂತೆಗೆ ಆಗತ್ತೆ, ಎರಡು ಕೊಡಿ," ಎಂದರು. ಆ ಇಡೀ ಪ್ರಚಾರದಿಂದಾದ ವ್ಯಾಪಾರ ಅಷ್ಟೇ. ಬೇಡವೆಂದರೂ ಕೇಳದೆ ದುಡ್ಡು ಕೊಟ್ಟರು. ಚಿಲ್ಲರೆ ಮಾತ್ರ ಎಣಿಸಿ ವಾಪಸು ಪಡೆದರು.