ಅಡ್ಮಿನ್ ಅಳಿಸಿದ್ದಾರೆ

ಕಡೂರಿನಲ್ಲಾದರೆ ಅವರದು ಕೊಬ್ಬರಿ ವ್ಯಾಪಾರ, ತರೀಕೆರೆಯಲ್ಲಿ ನಿವೃತ್ತ ಹೆಡ್‌ಮಾಸ್ಟರಿಕೆ, ಅಜ್ಜಂಪುರದಲ್ಲಿ ಈರುಳ್ಳಿ ದಲ್ಲಾಳಿತನ. ಕಸುಬು ಯಾವುದಾದರೇನು, ಪದವಿ ಒಂದೇ: ವಾಟ್ಸಾಪ್ ಗ್ರೂಪಿನ ಅಡ್ಮಿನ್. ಈ ಪದವಿಗೆ ಚುನಾವಣೆಯಿಲ್ಲ, ಸಂಬಳವಿಲ್ಲ, ನಿವೃತ್ತಿಯಂತೂ ಇಲ್ಲವೇ ಇಲ್ಲ. ತರೀಕೆರೆಯಿಂದ ಬೇರೆಯಾಗಿ ಅಜ್ಜಂಪುರ ತಾಲ್ಲೂಕಾಗಲು ಸರ್ಕಾರದ ಆದೇಶ ಬೇಕಾಯಿತು. ತಾಲ್ಲೂಕಿನ ಹೆಸರಲ್ಲಿ ಗ್ರೂಪು ಕಟ್ಟಲು ಒಂದು ಡೇಟಾ ಪ್ಯಾಕ್ ಸಾಕು. 2022ರಲ್ಲಿ ಗ್ರೂಪಿನ ಮಿತಿ 256ರಿಂದ 1024 ಜನಕ್ಕೆ ಏರಿತು. ಬೇರೆಯವರ ಸಂದೇಶವನ್ನು ಅಳಿಸುವ ಅಧಿಕಾರವೂ ಅದೇ ವರ್ಷ ಅಡ್ಮಿನ್ನರ ಹೆಬ್ಬೆರಳಿಗೆ ಬಂತು. ಪ್ರಜೆಗಳೂ ಹೆಚ್ಚಿದರು, ಕತ್ತಿಯೂ ಸಿಕ್ಕಿತು.

ಈ ಆಡಳಿತದ ವೈಖರಿ ನೋಡಬೇಕಾದರೆ ಪೈರಸಿಯ ವಿಷಯವನ್ನೇ ಹಿಡಿಯಬೇಕು. ಬೆಳಗಿನ ಜಾವ ಎಲ್ಲ ದಿನಪತ್ರಿಕೆಗಳ ಪಿಡಿಎಫ್ ಗ್ರೂಪಿಗೆ ಬಂದು ಬೀಳುತ್ತದೆ. ಹಾಕುವವರು ಎಷ್ಟೋ ಸಲ ಸ್ವತಃ ಅಡ್ಮಿನ್ನರೇ, ಜೊತೆಗೊಂದು ಗುಲಾಬಿ ಹೂವಿನ ಶುಭೋದಯ. ಮಧ್ಯಾಹ್ನ ಪಿಡಿಒ ಪರೀಕ್ಷೆಯ ಕೋಚಿಂಗ್ ನೋಟ್ಸು. ಶುಕ್ರವಾರ ಸಂಜೆಯಾದರೆ, ಬೆಳಿಗ್ಗೆಯಷ್ಟೇ ತೆರೆಕಂಡ ಚಿತ್ರದ ಟೆಲಿಗ್ರಾಂ ಲಿಂಕು. ಅಷ್ಟು ಹೊತ್ತೂ ಅಡ್ಮಿನ್ ಮೌನವ್ರತದಲ್ಲಿರುತ್ತಾರೆ. ಯಾವನೋ ಹುಡುಗ "ಸಾರ್, ಇದು ಕಳ್ಳಮಾಲಲ್ವಾ? ನಿರ್ಮಾಪಕನ ಗತಿ ಏನು?" ಅನ್ನುತ್ತಾನೆ. ಇನ್ನೊಬ್ಬ "ನಾಲ್ಕು ಓಟಿಟಿಗೆ ದುಡ್ಡು ಕಟ್ಟೋಕೆ ಅಡಿಕೆ ರೇಟು ಇನ್ನೂ ಏರ್ಬೇಕು ಕಣಣ್ಣ" ಅನ್ನುತ್ತಾನೆ. ದುಡ್ಡು ಕೊಟ್ಟರೂ ಸಿಗದ ಹಳೆಯ ಕನ್ನಡ ಚಿತ್ರಗಳನ್ನು ನೋಡುವುದೆಲ್ಲಿ ಎಂದು ಮೂರನೆಯವರು ಕೇಳುತ್ತಾರೆ. ಮಾತಿಗೆ ತೂಕ ಬರುತ್ತಿದೆ ಅನ್ನುವಷ್ಟರಲ್ಲಿ ಅಡ್ಮಿನ್ನರ ವ್ರತ ಮುರಿಯುತ್ತದೆ: "ಪೈರಸಿ ಬಗ್ಗೆ ಗ್ರೂಪಿನಲ್ಲಿ ಚರ್ಚೆ ಬೇಡ. ಮುಂದುವರಿಸಿದರೆ ರಿಮೂವ್ ಮಾಡಲಾಗುವುದು." ಮೂವರ ಮಾತೂ ಅಳಿಯುತ್ತದೆ. ಲಿಂಕು ಹಾಗೇ ಇರುತ್ತದೆ.

ಇದನ್ನು ಬೂಟಾಟಿಕೆ ಎಂದು ಬೈಯುವುದು ಸುಲಭ, ಆದರೆ ಅನ್ಯಾಯ. ಲಿಂಕು ಸದ್ದು ಮಾಡುವುದಿಲ್ಲ. ಬೇಕಾದವರು ಒತ್ತುತ್ತಾರೆ, ನೋಡುತ್ತಾರೆ, ಸುಮ್ಮನಾಗುತ್ತಾರೆ. ಚರ್ಚೆಗೆ ಮಾತ್ರ ಟಿಣ್ ಟಿಣ್ ಎಂಬ ಸದ್ದಿದೆ, ಎರಡು ಪಕ್ಷಗಳಿವೆ, ರಾತ್ರಿ ಹತ್ತಕ್ಕೆ ಅಡ್ಮಿನ್ನರಿಗೇ ಫೋನು ಮಾಡಿ ದೂರುವವರಿದ್ದಾರೆ. ಅಡ್ಮಿನ್ ಕಾಯುವುದು ಕಾನೂನನ್ನಲ್ಲ, ನೆಮ್ಮದಿಯನ್ನು. ತಪ್ಪು ಮಾಡುವವನಿಗಿಂತ ತಪ್ಪಿನ ಬಗ್ಗೆ ಮಾತಾಡುವವನೇ ಅವರಿಗೆ ತಂಟೆಕೋರ.

ತಮಾಷೆಯೆಂದರೆ ಕಾನೂನು ಇದಕ್ಕೆ ತೀರಾ ತಿರುವುಮುರುವಾಗಿದೆ. ಮಾತಿನ ವಿಷಯದಲ್ಲಿ ಅದು ಉದಾರಿ. ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಐಟಿ ಕಾಯ್ದೆಯ 66ಎ ಕಲಮನ್ನು ರದ್ದು ಮಾಡುವಾಗ ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂದು ಮೂರು ಬಗೆ ಹೇಳಿತು. ಮೊದಲೆರಡು ಎಷ್ಟೇ ಅಪ್ರಿಯವಾದರೂ ಸಂವಿಧಾನದ ರಕ್ಷಣೆಯಲ್ಲಿವೆ, ಪ್ರಚೋದನೆಯ ಮಟ್ಟ ಮುಟ್ಟಿದರೆ ಮಾತ್ರ ನಿರ್ಬಂಧದ ಮಾತು. "ಓಟಿಟಿ ದುಬಾರಿ" ಎಂದು ಗೊಣಗಿದ ತರೀಕೆರೆಯ ಬೆಳೆಗಾರ ಎರಡನೆಯ ಬಗೆಯ ಹೊಸಿಲನ್ನೂ ಸರಿಯಾಗಿ ದಾಟಿಲ್ಲ. ಅದೇ ನಕಲಿನ ವಿಷಯಕ್ಕೆ ಬಂದರೆ ಕಾನೂನು ಕೆಂಡ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಪ್ರಕಾರ ಥಿಯೇಟರಿನಲ್ಲಿ ಚಿತ್ರವನ್ನು ಕದ್ದು ಚಿತ್ರೀಕರಿಸಿದರೆ 3 ತಿಂಗಳಿಂದ 3 ವರ್ಷ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ. ನಮ್ಮ ರಾಜ್ಯವಂತೂ 2014ರಲ್ಲಿ ಗೂಂಡಾ ಕಾಯ್ದೆಗೇ ತಿದ್ದುಪಡಿ ತಂದು, ಆಡಿಯೊ ವಿಡಿಯೊ ಪೈರಸಿಯವರನ್ನು ಕಳ್ಳಬಟ್ಟಿಯವರ ಪಕ್ಕದಲ್ಲೇ ಕೂರಿಸಿತು. ಆ ಕೋಚಿಂಗ್ ನೋಟ್ಸೂ ಸಾಧುಪ್ರಾಣಿಯಲ್ಲ: ತನ್ನ ಪಾಠಗಳನ್ನು ಅನುಮತಿಯಿಲ್ಲದೆ ಹಂಚುತ್ತಿದ್ದ ಚಾನೆಲ್‌ಗಳ ವಿರುದ್ಧ ಒಬ್ಬ ಶಿಕ್ಷಕಿ ಹೋದಾಗ, ಅವನ್ನು ನಡೆಸುವವರ ವಿವರ ಕೊಡುವಂತೆ ದೆಹಲಿ ಹೈಕೋರ್ಟು 2022ರ ಆಗಸ್ಟಿನಲ್ಲಿ ಟೆಲಿಗ್ರಾಂಗೆ ಆದೇಶಿಸಿತು. ಕಾನೂನು ಹೆದರಿಸುವ ಕಡೆ ಅಡ್ಮಿನ್ನರಿಗೆ ನಿದ್ದೆ, ಅಭಯ ಕೊಡುವ ಕಡೆ ನಡುಕ.

"ಗ್ರೂಪು ನನ್ನದು ಸ್ವಾಮಿ, ನಾನೇನು ಸರ್ಕಾರವಲ್ಲ" ಎಂದು ಅಡ್ಮಿನ್ ಹೇಳಬಹುದು. ಒಪ್ಪಲೇಬೇಕಾದ ಮಾತು. ಅವರು ಯಾರನ್ನು ಬೇಕಾದರೂ ಹೊರಹಾಕಬಹುದು. ಆದರೆ ನಲ್ಲಿ ನೀರು ಎಷ್ಟು ಹೊತ್ತಿಗೆ, ಕರೆಂಟು ಎಲ್ಲಿ ಹೋಗಿದೆ, ಬೀರೂರಿಗೆ ರೈಲು ಎಷ್ಟು ತಡ ಎಂಬ ಸುದ್ದಿಯೆಲ್ಲ ಅದೇ ಗ್ರೂಪಿನಲ್ಲಿ ಹರಿಯುವಾಗ, ರಿಮೂವ್ ಆದವನು ಕಳೆದುಕೊಳ್ಳುವುದು ಚರ್ಚೆಯೊಂದನ್ನೇ ಅಲ್ಲ, ಊರಿನ ಅರ್ಧ ಬದುಕನ್ನು. ಅಷ್ಟು ದೊಡ್ಡ ಶಿಕ್ಷೆ ಒಂದು ಪ್ರಶ್ನೆಗೆ ಹೆಚ್ಚಾಯಿತು.

ಪೊಲೀಸರ ಭಯದ ಮಾತು ಇದಕ್ಕಿಂತ ಗಟ್ಟಿ, ಮತ್ತು ಅದನ್ನು ನಕ್ಕು ತಳ್ಳಿಹಾಕುವಂತಿಲ್ಲ. 2017ರಲ್ಲಿ ಉತ್ತರ ಕನ್ನಡದ ಮುರುಡೇಶ್ವರದಲ್ಲಿ ಪ್ರಧಾನಿಯ ತಿರುಚಿದ ಚಿತ್ರದ ಕಾರಣಕ್ಕೆ ಒಬ್ಬ ಗ್ರೂಪ್ ಅಡ್ಮಿನ್ ಬಂಧನವಾಗಿತ್ತು. ಆಮೇಲೆ 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟು, ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ನನ್ನು ಹೊಣೆ ಮಾಡಲಾಗದು ಎಂದವು. ಅದಕ್ಕೂ ಮುಂಚೆ 2016ರಲ್ಲೇ ದೆಹಲಿ ಹೈಕೋರ್ಟು, ಅಡ್ಮಿನ್ನನ್ನು ಮಾನಹಾನಿಗೆ ಹೊಣೆ ಮಾಡುವುದೆಂದರೆ ಪತ್ರಿಕೆಯ ಬರಹಕ್ಕೆ ಕಾಗದದ ಕಾರ್ಖಾನೆಯನ್ನು ಹಿಡಿದಂತೆ ಎಂದಿತ್ತು. ತಾವು ಕಾಗದದ ಕಾರ್ಖಾನೆ ಎಂಬುದು ಅಡ್ಮಿನ್ನರ ಸ್ವಾಭಿಮಾನಕ್ಕೆ ಹಿಡಿಸದಿರಬಹುದು. ಠಾಣೆಯ ಬೆಂಚಿಗಿಂತ ಅದು ಮೇಲು. ಹೊರರಾಜ್ಯದ ತೀರ್ಪು ಕಡೂರಿನ ಠಾಣೆಯ ಬಾಗಿಲಲ್ಲಿ ಕೈಹಿಡಿಯುತ್ತದೆಯೇ ಎಂದು ಅವರು ಮರುಪ್ರಶ್ನೆ ಹಾಕಿದರೆ, ಅದೂ ನ್ಯಾಯವೇ. ಆದರೆ ಭಯವೇ ಕಾರಣವಾಗಿದ್ದರೆ ಮೊದಲು ಅಳಿಸಬೇಕಾದದ್ದು ಲಿಂಕನ್ನು, ಆಮೇಲೆ ತಮ್ಮದೇ ಪಿಡಿಎಫ್ ಅನ್ನು. ಹುಡುಗನ ಪ್ರಶ್ನೆಯ ಸರದಿ ಬರುವುದೇ ಇಲ್ಲ.

ಈ ತೀರ್ಪುಗಳನ್ನು ಗ್ರೂಪಿಗೇ ಕಳಿಸಿಬಿಡಬಹುದಲ್ಲ ಎನ್ನಿಸುತ್ತದೆ. ನ್ಯಾಯಾಲಯ ನಿಷೇಧಿಸದ ಹೊರತು ತೀರ್ಪಿನ ಪ್ರತಿ ತೆಗೆದು ಹಂಚಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಧಾರಾಳವಾಗಿ ಅವಕಾಶವಿದೆ. ದಿನವಿಡೀ ಗ್ರೂಪಿಗೆ ಬಂದು ಬೀಳುವ ಪಿಡಿಎಫ್‌ಗಳಲ್ಲಿ ಕಳ್ಳಮಾಲಲ್ಲದ್ದು ಬಹುಶಃ ಅದೊಂದೇ ಆಗಿರುತ್ತದೆ. ಅಡ್ಮಿನ್ ಅದನ್ನು ತೆರೆಯದೆಯೇ ಅಳಿಸುತ್ತಾರೆ: "ಗ್ರೂಪಿಗೆ ಸಂಬಂಧಪಡದ ಪೋಸ್ಟ್ ಹಾಕಬೇಡಿ."