ಲಾಂಚ್ ಬಿಟ್ಟರು

ನಮ್ಮ ತುಮರಿಯಲ್ಲಿ ‘ಲಾಂಚ್’ ಎಂದರೆ ಅರ್ಥ ಕೇಳುವವರಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ, ಶರಾವತಿ ಹಿನ್ನೀರು ನಮ್ಮ ಕರೂರು ಸೀಮೆಯನ್ನು ಸಾಗರದಿಂದ ದೂರ ತಳ್ಳಿದ ಮೇಲೆ ಆಸ್ಪತ್ರೆ, ಸಂತೆ, ಕೋರ್ಟು, ಮದುವೆ ಎಲ್ಲಕ್ಕೂ ಹೊಳೆಬಾಗಿಲಿನ ಲಾಂಚೇ, ಅಂದರೆ ಜನ, ವಾಹನಗಳನ್ನು ದಾಟಿಸುವ ದೋಣಿಯೇ, ದಾರಿಯಾಗಿತ್ತು. ಹೆಣ್ಣು ನೋಡಲು ಬಂದವರು ಹುಡುಗಿಯನ್ನು ಒಪ್ಪಿದರೋ ಇಲ್ಲವೋ ತಿಳಿಯುವ ಮುಂಚೆಯೇ ‘ಕಡೇ ಲಾಂಚ್ ತಪ್ಪುತ್ತದೆ’ ಎಂದು ಎದ್ದು ನಿಲ್ಲುತ್ತಿದ್ದರು. ಎಷ್ಟೋ ಸಂಬಂಧಗಳು ಜಾತಕದಿಂದಲ್ಲ, ಈ ವೇಳಾಪಟ್ಟಿಯಿಂದ ಮುರಿದವು ಎಂಬುದು ನನ್ನ ಗುಮಾನಿ.

ಇಂಥ ಊರಿಗೆ ಪೇಪರ್ ಬಂದರೆ ಏನಾಗಬೇಕು? ‘ಮುಂದಿನ ವಾರ ಹೊಸ ಲಾಂಚ್’ ಎಂಬ ತಲೆಬರಹ ನೋಡಿ ದೊಡ್ಡಪ್ಪ ಜಗಲಿಯಿಂದಲೇ ಕೂಗಿದರು: “ಹೊಸ ಲಾಂಚ್ ಬತ್ತಡ ಮಾಣಿ! ಯಾವ ಕಡೆ ಬಿಡ್ತ್ವಡ, ಹಸಿರುಮಕ್ಕಿಗೋ?” ಕೆಳಗೆ ಓದಿದರೆ ಅದು ಮೊಬೈಲ್ ಫೋನು. ದೊಡ್ಡಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೊಮ್ಮೆ ಓದಿದರು. ಫೋನು ನೀರಿಗೆ ಬಿದ್ದರೆ ಕೆಟ್ಟುಹೋಗುತ್ತದಲ್ಲ ಎಂಬ ಅವರ ಅನುಮಾನಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆದರೆ ಯೋಚಿಸಿದರೆ ದೊಡ್ಡಪ್ಪನ ಕಡೆಗೂ ನ್ಯಾಯವಿದೆ. ನೂರು ವರ್ಷದ ಹಿಂದಿನ ಇಂಗ್ಲಿಷ್ ಪತ್ರಿಕೆಗಳಲ್ಲಿ ಲಾಂಚ್ ಎಂದರೆ ಮೊದಲಿಗೆ ನೀರಿನ ವಿಷಯವೇ. 1911ರ ಮೇ 31ರಂದು ಬೆಲ್‌ಫಾಸ್ಟಿನಲ್ಲಿ ಟೈಟಾನಿಕ್ಕನ್ನು ಲಾಂಚ್ ಮಾಡಿದರು. ಜಾರುಹಾಸಿಗೆ ಟನ್‌ಗಟ್ಟಲೆ ಸಾಬೂನು, ಕೊಬ್ಬು ಬಳಿದಿದ್ದರು. ಅಷ್ಟು ದೊಡ್ಡ ಹಡಗು ಸುಮಾರು 62 ಸೆಕೆಂಡಿನಲ್ಲಿ ಜಾರಿ ನೀರು ಸೇರಿತು. ಶಾಂಪೇನ್ ಬಾಟಲಿ ಒಡೆಯುವ ಶಾಸ್ತ್ರ ಮಾತ್ರ ಹಡಗಿನ ಕಂಪನಿಯವರಲ್ಲಿ ಇರಲಿಲ್ಲ. ಹನ್ನೊಂದು ತಿಂಗಳೊಳಗೆ ಅವೇ ಪತ್ರಿಕೆಗಳು ಅದೇ ಹಡಗಿನ ಬಗ್ಗೆ ಬೇರೆ ಸುದ್ದಿ ಬರೆಯಬೇಕಾಯಿತು.

ಪತ್ರಿಕೆಗಳನ್ನೂ ಆಗ ‘ಲಾಂಚ್’ ಮಾಡುತ್ತಿದ್ದರು. 1913ರಲ್ಲಿ ಡಿ.ವಿ.ಜಿ. ಬೆಂಗಳೂರಿನಲ್ಲಿ ‘ಕರ್ನಾಟಕ’ವೆಂಬ ಇಂಗ್ಲಿಷ್ ಪತ್ರಿಕೆ ಆರಂಭಿಸಿದ್ದನ್ನೂ ಅಂದಿನ ಇಂಗ್ಲಿಷಿನಲ್ಲಿ ಹಾಗೇ ಹೇಳಬೇಕು. ಅಲ್ಪ ಬಂಡವಾಳ, ಸರ್ಕಾರದ ಕೆಂಗಣ್ಣು, ಬಾಕಿ ಉಳಿಸಿಕೊಂಡ ಚಂದಾದಾರರು: ಆ ಕಾಲದ ಪತ್ರಿಕೆಗಳು ತೇಲಿದ್ದಕ್ಕಿಂತ ಮುಳುಗಿದ್ದೇ ಹೆಚ್ಚು, ಆದ್ದರಿಂದ ಹಡಗಿನ ಮಾತು ಅವಕ್ಕೆ ಒಪ್ಪುತ್ತಿತ್ತು. ಆಮೇಲೆ ರಾಕೆಟ್ಟು, ಸಿನಿಮಾ, ಸಾಬೂನು, ಯೋಜನೆ ಎಲ್ಲವೂ ಅದೇ ಮಾತಿಗೆ ಜೋತುಬಿದ್ದವು.

ಇನ್ನೊಂದು ತಮಾಷೆ. ನಮ್ಮ ದೋಣಿ ಲಾಂಚಿಗೂ ಇಂಗ್ಲಿಷಿನ ಕ್ರಿಯಾಪದ ಲಾಂಚಿಗೂ ರಕ್ತಸಂಬಂಧವೇ ಇಲ್ಲವಂತೆ. ಕ್ರಿಯಾಪದ ಹಳೆಯ ಫ್ರೆಂಚಿನ ಭರ್ಜಿಯಿಂದ ಬಂದದ್ದು. ದೋಣಿಯ ಹೆಸರು ಮಲಯ ಭಾಷೆಯಲ್ಲಿ ಹುಟ್ಟಿ ಪೋರ್ಚುಗೀಸ್, ಸ್ಪ್ಯಾನಿಷ್ ನಾವಿಕರ ಬಾಯಿಂದ ಇಂಗ್ಲಿಷಿಗೆ ದಾಟಿರಬೇಕೆಂದು ಪಂಡಿತರ ಊಹೆ. ಅಂದರೆ ಒಂದೇ ಹೆಸರಿನ ಇಬ್ಬರು ಒಂದೇ ಅಂಚೆ ವಿಳಾಸದಲ್ಲಿದ್ದಂತೆ; ಒಬ್ಬರ ಪತ್ರ ಇನ್ನೊಬ್ಬರು ಒಡೆದು ಓದುತ್ತಿದ್ದಾರೆ.

ಕಬ್ಬಿಣದ ಹಲಗೆ ಸರಪಳಿಯಿಂದ ಗರಗರ ಇಳಿಯುವುದು, ಬಸ್ಸು ಹಿಮ್ಮುಖವಾಗಿ ತೆವಳಿ ಹತ್ತುವುದು, ಬೇಸಿಗೆಯಲ್ಲಿ ನೀರಿಳಿದರೆ ವಾಹನಗಳನ್ನು ದಡದಲ್ಲೇ ನಿಲ್ಲಿಸಿ ಜನರನ್ನಷ್ಟೇ ಕರೆದೊಯ್ಯುವುದು, ಸಿಗಂದೂರು ದೇವಿಯ ಭಕ್ತರು ಎದುರಿನ ದಡ ನೋಡಿ ಕೈಮುಗಿಯುವುದು: ಇವೆಲ್ಲ ಸೇರಿದ್ದು ನಮ್ಮ ಲಾಂಚ್. ಆ ಲಾಂಚ್ ದಾಟುತ್ತಿದ್ದ ಹಿನ್ನೀರಿನ ಮೇಲೆ ಕಟ್ಟಿದ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಸುಮಾರು ಎರಡೂವರೆ ಕಿಲೋಮೀಟರು. ಈಗ ಮಧ್ಯರಾತ್ರಿಯೂ ಹೆರಿಗೆಗೆ ಸಾಗರ ಸೇರಬಹುದು. ಅದರ ಮುಂದೆ ನನ್ನ ಹಳಹಳಿಕೆ ಯಾವ ಲೆಕ್ಕಕ್ಕೂ ಇಲ್ಲ. ಮರುದಿನ ಯಾರೋ ‘ಸೇತುವೆ ಲಾಂಚ್ ಆಯ್ತು’ ಎಂದದ್ದು ಕೇಳಿ ಮಾತ್ರ ನಗು ತಡೆಯಲಾಗಲಿಲ್ಲ.

ಸಂಪಾದಕ ಮಹಾಶಯರಲ್ಲಿ ಒಂದೇ ಅರಿಕೆ. ಸಿನಿಮಾ, ಫೋನುಗಳಿಗೆ ‘ಬಿಡುಗಡೆ’ ಇದೆ, ರಾಕೆಟ್ಟಿಗೆ ‘ಉಡಾವಣೆ’ ಇದೆ, ಮಂತ್ರಿಗಳಿಗೆ ‘ಲೋಕಾರ್ಪಣೆ’ ಇದೆ. ಲಾಂಚನ್ನು ದಯವಿಟ್ಟು ಹೊಳೆ ದಾಟಿದವರಿಗೆ ಬಿಟ್ಟುಕೊಡಿ.